ಹಲ್ಲಿನ ಬುಡದಲ್ಲಿ ಕೀವು: ಲವಂಗದೆಣ್ಣೆ ಎಲ್ಲಿವರೆಗೆ, ಡಾಕ್ಟರು ಎಲ್ಲಿಂದ?

ಶಿರಸಿ_ಸೀಮೆ
ನಮ್ಮ ಮನೆಯವರೊಬ್ಬರ ಕೆಳದವಡೆಯ ಹಿಂದಿನ ಹುಳುಕು ಹಲ್ಲು. ಮೊದಲು ನಿದ್ದೆಗೆಡಿಸುವಷ್ಟು ಸಿಡಿತ ಇತ್ತು, ಆಮೇಲೆ ತಾನಾಗೇ ನಿಂತಿದೆ. ಈಗ ವಸಡಿನ ಮೇಲೆ ತೊಗರಿಕಾಳಿನಷ್ಟು ಗುಳ್ಳೆ, ಒತ್ತಿದರೆ ಬಾಯೆಲ್ಲ ಉಪ್ಪುಪ್ಪು, ಕೆಟ್ಟ ವಾಸನೆ. ವಯಸ್ಸು 56, ಸಕ್ಕರೆ ಕಾಯಿಲೆಗೆ ಮಾತ್ರೆ ನಡೀತಿದೆ. ಮನೆಯಲ್ಲಿ ಅರ್ಧ ಜನ ಲವಂಗದೆಣ್ಣೆ, ಅರಿಶಿನ, ಉಪ್ಪುನೀರು ಸಾಕು ಅಂತಾರೆ. ಉಳಿದವರು ಕೀಳಿಸಿಬಿಡಿ ಅಂತಾರೆ. ನೋವೇ ಇಲ್ಲ ಅಂದಮೇಲೆ ಡಾಕ್ಟರ ಹತ್ತಿರ ಹೋಗಲೇಬೇಕಾ? "ನಮ್ಮ ಮಾವಂಗೆ ಹಿಂಗಾಗಿತ್ತು" ಅನ್ನೋ ಕತೆ ಬೇಡ, ಯಾಕೆ ಏನು ಅಂತ ಕಾರಣ ಸಮೇತ ಹೇಳಿದರೆ ಉಪಕಾರ.

ಹಲ್ಲುಡಾಕ್ಟ್ರು_ದಾವಣಗೆರೆ
ನೋವು ತಾನಾಗೇ ನಿಂತಿದೆ ಅಂದಿರಲ್ಲ, ಮೊದಲು ಅದನ್ನೇ ನೋಡಬೇಕು. ಅದು ವಾಸಿಯಾಗಿದ್ದರ ಗುರುತಲ್ಲ.

ಹಲ್ಲಿನ ನಡುವೆ ಪಲ್ಪ್ ಅಂತ ಮೆತ್ತನೆಯ ಭಾಗ ಇರುತ್ತೆ, ನರ ಮತ್ತು ರಕ್ತನಾಳ ಎರಡೂ ಅದರಲ್ಲೇ. ಹುಳುಕು ಅಲ್ಲಿಗೆ ಮುಟ್ಟಿದಾಗ ಅದು ಊದಿಕೊಳ್ಳುತ್ತೆ. ಸುತ್ತಲೂ ಗಟ್ಟಿ ಗೋಡೆ, ಊದೋಕೆ ಜಾಗವಿಲ್ಲ. ಒತ್ತಡಕ್ಕೆ ರಕ್ತ ಬರೋದೇ ನಿಂತು ಪಲ್ಪ್ ಸಾಯುತ್ತೆ. ಬಿಸಿ ಕಾಫಿ, ತಣ್ಣೀರಿಗೆ ಆಗುತ್ತಿದ್ದ ಸಿಡಿತ ಅಲ್ಲಿಗೆ ನಿಲ್ಲುತ್ತೆ. ಬ್ಯಾಕ್ಟೀರಿಯಾ ಮಾತ್ರ ಆ ಸತ್ತ ಮಾಂಸವನ್ನೇ ತಿಂದುಕೊಂಡು, ಬೇರಿನ ತುದಿಯ ಸಣ್ಣ ರಂಧ್ರದಿಂದ ದವಡೆ ಮೂಳೆಗೆ ಇಳಿಯುತ್ತೆ. ಮೂಳೆಯೊಳಗೆ ಕೀವು ಕಟ್ಟಿದಾಗ ಆ ಹಲ್ಲು ಉಳಿದವಕ್ಕಿಂತ ಉದ್ದವಾದ ಹಾಗೆ ಅನಿಸುತ್ತೆ, ಕಚ್ಚಿದರೆ ಜೀವ ಹೋಗುತ್ತೆ. ಕೊನೆಗೆ ಕೀವು ಮೂಳೆ ಕೊರೆದು ವಸಡಿನಲ್ಲಿ ದಾರಿ ಮಾಡಿಕೊಳ್ಳುತ್ತೆ. ಒತ್ತಡ ಇಳಿಯುತ್ತೆ, ನೋವು ಹೋಗುತ್ತೆ. ನಿಮಗೆ ಕಾಣ್ತಿರೋ ಗುಳ್ಳೆ ಆ ದಾರಿಯ ಬಾಯಿ ಅಷ್ಟೆ.

ಆ ದಾರಿ ಮುಚ್ಚಿಕೊಂಡ ದಿನ ಬಾವು ಮತ್ತೆ ಬರುತ್ತೆ. ತೆರೆದೇ ಇದ್ದರೆ ತಿಂಗಳುಗಟ್ಟಲೆ ನೋವಿಲ್ಲದೆ ಮೂಳೆ ಕರಗುತ್ತಾ ಹೋಗುತ್ತೆ.

ಇನ್ನೊಂದು ವಿಷಯ: ಗುಳ್ಳೆ ಕಂಡ ಜಾಗದ ಹಲ್ಲೇ ಕೆಟ್ಟಿರಬೇಕು ಅಂತಿಲ್ಲ. ಕೀವು ಸುಲಭದ ದಾರಿ ಹುಡುಕಿಕೊಂಡು ಪಕ್ಕದ ಹಲ್ಲಿನ ಹತ್ತಿರವೂ ಹೊರಬರಬಹುದು. ಅದಕ್ಕೇ ಗುಳ್ಳೆಯ ರಂಧ್ರದೊಳಗೆ ಗಟ್ಟಾಪರ್ಚಾ ಅನ್ನೋ ರಬ್ಬರಿನಂಥ ಪದಾರ್ಥದ ತೆಳ್ಳಗಿನ ಕಡ್ಡಿ ಇಳಿಸಿ ಎಕ್ಸ್‌ರೇ ತೆಗೀತೀವಿ. ಚಿತ್ರದಲ್ಲಿ ಬಿಳಿ ಗೆರೆಯಾಗಿ ಕಾಣುವ ಆ ಕಡ್ಡಿ ಯಾವ ಬೇರಿನ ತುದಿಗೆ ಹೋಗಿ ನಿಲ್ಲುತ್ತೋ ಅದೇ ಕಳ್ಳ ಹಲ್ಲು.

ಹಿತ್ತಲಮದ್ದು
ಡಾಕ್ಟ್ರೇ, ನೀವು ಹೇಳಿದ್ದು ಒಪ್ಪೋಣ. ಆದರೆ ಮನೆಮದ್ದನ್ನ ಒಂದೇ ಏಟಿಗೆ ತಳ್ಳಿಹಾಕಬೇಡಿ. ಹಲ್ಲಿನ ಕ್ಲಿನಿಕ್ಕಿಗೆ ಕಾಲಿಟ್ಟ ಕೂಡಲೇ ಬರೋ ವಾಸನೆ ಯಾವುದು? ಲವಂಗದ್ದೇ. ನಿಮ್ಮ ತಾತ್ಕಾಲಿಕ ಫಿಲ್ಲಿಂಗಿನಲ್ಲಿ ಸತುವಿನ ಪುಡಿ ಜೊತೆ ಕಲಸೋದು ಲವಂಗದೆಣ್ಣೆಯ ಸಾರವನ್ನೇ ಅಲ್ವಾ?

ಸೀಬೆ ಎಲೆ ಕಷಾಯವೂ ಹಾಗೇ. ಎಳೇ ಎಲೆ ಆರೆಂಟು, ಎರಡು ಲೋಟ ನೀರು, ಒಂದು ಲೋಟಕ್ಕೆ ಇಳಿಯೋವರೆಗೆ ಕುದಿಸಿ, ಉಗುರುಬೆಚ್ಚಗಾದ ಮೇಲೆ ಬಾಯಿ ಮುಕ್ಕಳಿಸಿ. ವಸಡಿನ ರಕ್ತ, ಊತ ಎರಡಕ್ಕೂ ಹಿಡಿತ ಬರುತ್ತೆ. ಉಪ್ಪುನೀರು ಅಂತೂ ಯಾರೂ ಅಲ್ಲಗಳೆಯಲ್ಲ.

ಹಲ್ಲುಡಾಕ್ಟ್ರು_ದಾವಣಗೆರೆ
ಅಲ್ಲಗಳೆಯೋದಿಲ್ಲ ಸ್ವಾಮಿ. ಲವಂಗದೆಣ್ಣೆಯ ಬಹುಪಾಲು ಯೂಜಿನಾಲ್, ಅದು ನರವನ್ನ ಮಂಕು ಮಾಡೋದು ನಿಜ. ಪ್ರಶ್ನೆ ಏನಂದ್ರೆ, ಎಲ್ಲಿ ನರ ಇನ್ನೂ ಬದುಕಿದೆಯೋ ಅಲ್ಲಿ ಅದು ಕೆಲಸ ಮಾಡುತ್ತೆ. ಶಿರಸಿಯವರು ಹೇಳಿದ ಹಲ್ಲಿನಲ್ಲಿ ಮಂಕು ಮಾಡೋಕೆ ನರವೇ ಉಳಿದಿಲ್ಲ. ಕೀವು ಇರೋದು ಬೇರಿನ ತುದಿಯಾಚೆ ಮೂಳೆಯಲ್ಲಿ, ಮೇಲಿಂದ ಹಚ್ಚಿದ ಎಣ್ಣೆ ಅಲ್ಲಿಗೆ ತಲುಪೋಲ್ಲ.

ಹುಳುಕು ತೂತಿರುವ, ಸಿಡಿಯುತ್ತಿರುವ ಹಲ್ಲಿಗೆ ಒಂದು ರಾತ್ರಿ ಕಳೆಯೋಕೆ ಹಾಕೋದಾದರೆ ಹೀಗೆ: ತೂತಿನೊಳಗೆ ಸಿಕ್ಕಿಕೊಂಡ ಅನ್ನ, ಸಿಪ್ಪೆ ಬೆಚ್ಚಗಿನ ನೀರಲ್ಲಿ ಮುಕ್ಕಳಿಸಿ ತೆಗೀರಿ. ಅಕ್ಕಿಕಾಳಿನಷ್ಟು ಹತ್ತಿಗೆ ಒಂದೇ ಒಂದು ತೊಟ್ಟು, ಹೆಚ್ಚಾದದ್ದನ್ನ ಟಿಶ್ಯೂಗೆ ಒತ್ತಿ ಹಿಂಡಿ. ಹತ್ತಿಯನ್ನ ಚಿಮಟದಲ್ಲಿ ತೂತಿನೊಳಗೇ ಇಡಿ, ವಸಡಿಗೆ ತಾಗಬಾರದು. 10–15 ನಿಮಿಷಕ್ಕೆ ತೆಗೆದುಬಿಡಿ. ಜನ ಎಡವೋದು ಎಲ್ಲಿ ಅಂದ್ರೆ, ಬಾಟಲಿಯಿಂದ ನೇರ ವಸಡಿಗೆ ಸುರೀತಾರೆ. ಮಾರನೇ ದಿನ ಅಲ್ಲಿ ಬೆಳ್ಳಗೆ ಸುಟ್ಟ ಪೊರೆ, ಕೀವಿನ ಜೊತೆ ಹುಣ್ಣಿನ ನೋವೂ ಸೇರಿಕೊಳ್ಳುತ್ತೆ. ವಸಡಿಗೆ ಸವರಲೇಬೇಕು ಅಂದ್ರೆ ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದೆರಡು ತೊಟ್ಟು ಕಲಸಿ. ಮಕ್ಕಳ ಕೈಗೆ ಬಾಟಲಿ ಸಿಗಬಾರದು. ಒಂದೆರಡು ಚಮಚ ಕುಡಿದರೂ ಸಣ್ಣ ಮಕ್ಕಳ ಲಿವರ್‌ಗೆ ಅಪಾಯ.

ಉಪ್ಪುನೀರು: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ, ಅರ್ಧ ನಿಮಿಷ ಬಾಯಲ್ಲಿಟ್ಟು ಉಗುಳಿ, ದಿನಕ್ಕೆ ನಾಲ್ಕೈದು ಸಲ. ಬಿಪಿ ಇರುವವರಿಗೂ ತೊಂದರೆ ಇಲ್ಲ, ನುಂಗೋದಿಲ್ಲವಲ್ಲ. ಒಡೆದ ಗುಳ್ಳೆಯ ಬಾಯಿ ಚೊಕ್ಕಟ ಇರುತ್ತೆ, ವಾಸನೆ ಕಡಿಮೆಯಾಗುತ್ತೆ. ಬೇರಿನ ಕಾಲುವೆಯೊಳಗಿನ ಬ್ಯಾಕ್ಟೀರಿಯಾಗೆ ಇದರ ಬಿಸಿಯೂ ತಟ್ಟೋಲ್ಲ.

ಸೀಬೆ ಎಲೆಯ ಒಗರು ವಸಡನ್ನ ಬಿಗಿ ಮಾಡುತ್ತೆ, ಹೌದು. ವಸಡಿನ ಕಾಯಿಲೆಗೆ ಪೂರಕ. ಬೇರಿನ ಕೀವಿಗೆ ಅಲ್ಲ.

ಕೊಪ್ಪದ_ಕಾಳುಮೆಣಸು
ನಮ್ಮ ಕಡೆ ಎಕ್ಕದ ಹಾಲು ಹಲ್ಲಿಗೆ ಬಿಟ್ರೆ ಹಲ್ಲು ತಾನಾಗೇ ಉದುರುತ್ತೆ ಅಂತಾರೆ, ಕೀಳಿಸೋ ಖರ್ಚೇ ಇಲ್ಲ ಅಂತ. ಗೇರುಬೀಜದ ಸಿಪ್ಪೆಯ ಎಣ್ಣೆ, ಹಸಿ ಬೆಳ್ಳುಳ್ಳಿ, ಆಸ್ಪಿರಿನ್ ಮಾತ್ರೆ ಒತ್ತಿಡೋದೂ ಇದೆ. ಇವು?

ಬಿಎಎಂಎಸ್_ವೈದ್ಯೆ
ನಾಲ್ಕೂ ಬೇಡ. ಎಕ್ಕದ ಹಾಲು ಮಾಂಸವನ್ನ ಕೊರೆಯೋ ಪದಾರ್ಥ. ಆಯುರ್ವೇದದಲ್ಲಿ ಎಕ್ಕವನ್ನ ಉಪವಿಷಗಳ ಸಾಲಿನಲ್ಲಿಟ್ಟು, ಶೋಧನೆ, ಅಂದ್ರೆ ಶುದ್ಧಿ ಮಾಡದೆ ಬಳಸಬಾರದು ಅಂತ ಹೇಳಿರೋದು ಅದಕ್ಕೇ. ಎಕ್ಕದ ಎಲೆ ಕೀಳುವಾಗ ಹಾಲು ಚಿಮ್ಮಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಊದಿ ದೃಷ್ಟಿ ಮಂಜಾಗುತ್ತೆ. ಹಲ್ಲು "ಉದುರುತ್ತೆ" ಅನ್ನೋದು, ಮೊದಲೇ ಟೊಳ್ಳಾದ ಮೇಲ್ಭಾಗ ಪುಡಿಯಾಗೋದು. ಬೇರು ವಸಡಿನೊಳಗೇ ಉಳೀತದೆ, ಕೀವಿನ ಮೂಲ ಅಲ್ಲೇ. ಅದನ್ನ ಆಮೇಲೆ ತೆಗೆಯೋದು ಇಡೀ ಹಲ್ಲು ಕೀಳೋದಕ್ಕಿಂತ ಕಷ್ಟ. ಗೇರುಸಿಪ್ಪೆ ಎಣ್ಣೆ ಕೈಗೇ ಬೊಬ್ಬೆ ಎಬ್ಬಿಸುತ್ತೆ, ಬಾಯಿಗೆ ಹಾಕೋ ಮಾತೇ ಇಲ್ಲ. ಹಸಿ ಬೆಳ್ಳುಳ್ಳಿ, ಆಸ್ಪಿರಿನ್ ಎರಡೂ ಒತ್ತಿಟ್ಟ ಜಾಗವನ್ನ ಸುಡುತ್ತವೆ.

ಆಯುರ್ವೇದ ಅಂದ್ರೆ ಸೊಪ್ಪು ಅರೆದು ಹಚ್ಚಿ ಕೂರೋದು ಅಂತ ಇಲ್ಲಿ ಕೆಲವರು ತಿಳಿದ ಹಾಗಿದೆ. ಪ್ರಾಚೀನ ಶಸ್ತ್ರವೈದ್ಯ ಸುಶ್ರುತರು ಬಾವನ್ನ ಆಮ (ಹಸಿ), ಪಚ್ಯಮಾನ (ಹಣ್ಣಾಗುತ್ತಿರೋದು), ಪಕ್ವ (ಹಣ್ಣಾದದ್ದು) ಅಂತ ಮೂರು ಹಂತ ಮಾಡಿದ್ದಾರೆ. ಹಣ್ಣಾಗದ ಬಾವನ್ನ ಅವಸರಕ್ಕೆ ಕೊಯ್ಯುವವನನ್ನೂ, ಹಣ್ಣಾದ ಬಾವನ್ನ ಸುಮ್ಮನೆ ಬಿಡುವವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ಬೈದಿದ್ದಾರೆ. ಕೀವು ಕಟ್ಟಿದ ಮೇಲೆ ಅದನ್ನ ಹೊರಗೆ ಬಿಡಲೇಬೇಕು ಅನ್ನೋದರಲ್ಲಿ ನಮ್ಮ ಶಾಸ್ತ್ರಕ್ಕೂ ಹಲ್ಲಿನ ಡಾಕ್ಟ್ರಿಗೂ ಜಗಳವೇ ಇಲ್ಲ.

ಗಂಡೂಷ ಅಂದ್ರೆ ಬಾಯಿ ತುಂಬ ದ್ರವ ಹಿಡಿದು ಅಲ್ಲಾಡಿಸದೆ ಇರೋದು. ಕವಲ ಅಂದ್ರೆ ಸ್ವಲ್ಪ ಹಾಕಿಕೊಂಡು ಆಡಿಸೋದು. ಅರಿಮೇದಾದಿ ತೈಲ, ತ್ರಿಫಲಾ ಕಷಾಯ ಇವುಗಳನ್ನ ವಸಡು ಸಡಿಲ, ರಕ್ತ, ದುರ್ವಾಸನೆಗೆ ಕೊಡ್ತೀವಿ. ಹಲ್ಲಿನ ಚಿಕಿತ್ಸೆ ಆದಮೇಲೆ ಮುಂದುವರಿಸಿದರೂ ಒಳ್ಳೇದೇ. ಆದರೆ ಮುಖ ಊದಿ, ಬಾಯಿ ತೆಗೆಯೋಕೆ ಆಗದವರಿಗೆ ಎಣ್ಣೆ ತುಂಬಿಸಿ ಕೂರಿಸಬೇಡಿ, ಶ್ವಾಸನಾಳಕ್ಕೆ ಹೋದರೆ ಕಷ್ಟ.

ಇನ್ನು ಗುಳ್ಳದ (ಬದನೆ ಜಾತಿಯ ಗಿಡ) ಬೀಜದ ಹೊಗೆ ಹಾಕಿ ಹುಳ ತೆಗೆಯೋರು. ಬಿಸಿಗೆ ಬೀಜ ಒಡೆದು ಒಳಗಿನ ಬಿಳಿ ಮೊಳಕೆ ಹೊರಬೀಳುತ್ತೆ, ಅದನ್ನೇ ನೀರಿನ ಬಟ್ಟಲಲ್ಲಿ ತೋರಿಸಿ ಹುಳ ಅಂತಾರೆ. ರೋಗಿಯೇ ಇಲ್ಲದೆ ಬರೀ ಬೀಜಕ್ಕೆ ಹೊಗೆ ಹಾಕಿದರೂ "ಹುಳ" ಬೀಳುತ್ತೆ!

ಹಿತ್ತಲಮದ್ದು
ಎಕ್ಕ ನಾನೂ ಹೇಳಲ್ಲ ಮೇಡಂ. ಆದರೆ ಹೊರಗಿನಿಂದ ಶಾಖ? ಉಪ್ಪು ಹುರಿದು ಗಂಟು ಕಟ್ಟಿ ಕೆನ್ನೆಗೆ ಒತ್ತೋದು ತಲತಲಾಂತರದಿಂದ ಇದೆ, ಹಾಯೂ ಆಗುತ್ತೆ.

ಹಲ್ಲುಡಾಕ್ಟ್ರು_ದಾವಣಗೆರೆ
ಹಾಯಾಗುತ್ತೆ, ಅದೇ ತೊಂದರೆ. ಹೊರಗಿಂದ ಬಿಸಿ ಕೊಟ್ಟರೆ ಅಲ್ಲಿ ರಕ್ತ ಹೆಚ್ಚು ಹರಿದು ಊತ ಏರುತ್ತೆ, ಕೀವು ಬಾಯೊಳಗೆ ಒಡೆಯೋ ಬದಲು ಕೆನ್ನೆ ಕಡೆ ದಾರಿ ಹುಡುಕಬಹುದು. ಕೆನ್ನೆಯಲ್ಲೋ ಗದ್ದದಲ್ಲೋ ಒಡೆದರೆ ಗುಳಿ ಬಿದ್ದ ಕಲೆ ಉಳಿಯುತ್ತೆ. ಎಷ್ಟೋ ಜನ ಅದನ್ನ ಮೊಡವೆ ಅಂತ ಚರ್ಮದ ಡಾಕ್ಟರ ಹತ್ತಿರ ಅಲೆಯುತ್ತಿರುತ್ತಾರೆ, ಮೂಲ ಕೆಳದವಡೆಯ ಸತ್ತ ಹಲ್ಲಲ್ಲಿ. ಬಿಸಿ ಬೇಕಾದರೆ ಒಳಗಿಂದ, ಬೆಚ್ಚಗಿನ ಉಪ್ಪುನೀರು. ಹೊರಗಿಂದ ತಣ್ಣನೆಯದು: ಐಸನ್ನ ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ, ಅಷ್ಟೇ ಹೊತ್ತು ಬಿಡುವು. ಮಲಗುವಾಗ ಎರಡು ದಿಂಬು. ತಲೆ ತಗ್ಗಿದರೆ ಅಲ್ಲಿಗೆ ರಕ್ತದ ಒತ್ತಡ ಹೆಚ್ಚಿ ಮಿಡಿತ ಜೋರಾಗುತ್ತೆ. ಸೂಜಿ, ಪಿನ್ನು, ಬ್ಲೇಡಿನಿಂದ ಗುಳ್ಳೆ ಒಡೆಯೋ ಸಾಹಸ ಬೇಡ.

ಹುಬ್ಬಳ್ಳಿ_ಮೆಡಿಕಲ್
ಅಂಗಡಿ ಕೌಂಟರಿನ ಮುಂದ ದಿನಾ ಕೇಳೋದು ಒಂದ ಮಾತು ನೋಡ್ರಿ: "ಹಲ್ಲಿಗಿ ಬಾವು ಬಂದೈತಿ, ಒಂದೆರಡು ಆಂಟಿಬಯೋಟಿಕ್ ಕೊಡ್ರಿ." ಇದು ಯಾಕ ತಪ್ಪು ಅಂತ ಹೇಳ್ತೀನಿ.

ಸತ್ತ ಹಲ್ಲಿನೊಳಗ ರಕ್ತ ಓಡಾಡಂಗಿಲ್ಲ. ಮಾತ್ರಿ ಹೋಗೋದು ರಕ್ತದ ದಾರಿಯಿಂದ. ಅಂದ ಮ್ಯಾಲ ಮೂಲ ಇರೋ ಜಾಗಕ್ಕ ಅದು ಮುಟ್ಟೂದ ಇಲ್ಲ. ಸುತ್ತಲಿನ ಬಾವು ನಾಕ ದಿನ ಇಳೀತದ, ಮಾತ್ರಿ ನಿಂತ ಮ್ಯಾಲ ತಿರುಗಿ ಬರ್ತದ. ಅಮೆರಿಕದ ಡೆಂಟಲ್ ಅಸೋಸಿಯೇಷನ್ 2019ರ ಮಾರ್ಗಸೂಚಿಯೊಳಗ ಇದನ್ನ ಚೊಲೋ ಬಿಡಿಸಿ ಹೇಳ್ಯಾರ: ಜ್ವರ, ಸುಸ್ತು ಇಲ್ಲದ, ಒಂದ ಕಡೆ ನಿಂತ ಕೀವಿಗೆ ಹಲ್ಲಿನ ಚಿಕಿತ್ಸೆ ತಕ್ಷಣ ಸಿಗೂದಾದ್ರ ಆಂಟಿಬಯೋಟಿಕ್ ಬ್ಯಾಡ. ಡಾಕ್ಟರು ತಕ್ಷಣ ಸಿಗಲಿಲ್ಲ, ಬಾವು ಐತಿ ಅಂದ್ರ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ದಿನಕ್ಕ ಮೂರು ಸಲ, 3ರಿಂದ 7 ದಿನ, ಅದೂ ಡಾಕ್ಟರ್ ಚೀಟಿ ಬರದ ಮ್ಯಾಲ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಇದು ಜೀವಕ್ಕ ಕುತ್ತು. ಪಟ್ಟಿಯ ಬೆನ್ನಿಗೆ ಕೆಂಪು ಗೆರಿ ಇದ್ದರ ಚೀಟಿ ಇಲ್ಲದ ಕೊಡೂ ಮಾತ್ರಿ ಅಲ್ಲ ಅಂತ ಅರ್ಥ, 2016ರಾಗ ಕೇಂದ್ರ ಸರ್ಕಾರ ಆ ಗೆರಿ ಬಗ್ಗೆ ಪ್ರಚಾರಾನೂ ಮಾಡೇತಿ.

ಮೆಟ್ರೋನಿಡಜೋಲ್ ಸೇರಿಸಿದ್ದರ ಸೆರೆ (ಮದ್ಯ) ಮುಟ್ಟಬ್ಯಾಡ್ರಿ. ರಕ್ತ ತೆಳ್ಳಗ ಮಾಡೂ ವಾರ್ಫರಿನ್ ನಡದಿದ್ದರ ಮೊದಲ ಹೇಳ್ರಿ.

ನೋವಿನ ಮಾತ್ರಿ: ದೊಡ್ಡವರಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ ಊಟ ಆದ ಮ್ಯಾಲ, ಜೊತಿಗಿ ಪ್ಯಾರಾಸಿಟಮಾಲ್ 500 ಅಥವಾ 650, ಆರರಿಂದ ಎಂಟು ತಾಸಿಗೊಮ್ಮೆ. ಹಲ್ಲಿನ ನೋವಿಗೆ ಈ ಜೋಡಿ ಭಾಳ ಚೊಲೋ ಕೆಲಸ ಮಾಡ್ತದ. ತಪ್ಪಾಗೂದು ಲೆಕ್ಕದಾಗ. ಕಾಂಬಿಫ್ಲಾಮ್‌ನ್ಯಾಗ ಆಗಲೇ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325 ಅದಾವ. ಅದರ ಮ್ಯಾಲ ಡೋಲೊ 650, ಮ್ಯಾಲ ಇನ್ನೊಂದು ನೆಗಡಿ ಮಾತ್ರಿ ಅಂದ್ರ ಪ್ಯಾರಾಸಿಟಮಾಲ್ ಎಷ್ಟಾತು ಅನ್ನೂದ ಗೊತ್ತಾಗಂಗಿಲ್ಲ. ಎಲ್ಲಾ ಕೂಡಿ ದಿನಕ್ಕ 3 ಗ್ರಾಂ ದಾಟಿಸಬ್ಯಾಡ್ರಿ. ನಾಲಿಗಿ ಮ್ಯಾಲ ಕರಗೋ ಕೆಟೊರೊಲ್ಯಾಕ್ ಅಂತೂ ಐದು ದಿನಕ್ಕಿಂತ ಹೆಚ್ಚು ಯಾವ ಕಾರಣಕ್ಕೂ ಬ್ಯಾಡ, ಹೊಟ್ಟಿಯೊಳಗ ರಕ್ತ ಒಸರ್ತದ.

ಶಿರಸಿಯವರ, ನಿಮ್ಮ ಪೇಶಂಟ್‌ಗೆ ಸಕ್ಕರಿ ಅಂದ್ರ ಕಿಡ್ನಿ ರಿಪೋರ್ಟ್ ನೋಡದ ಐಬುಪ್ರೊಫೆನ್ ಬ್ಯಾಡ. ಬಿಪಿಗೆ ಟೆಲ್ಮಿಸಾರ್ಟಾನ್, ಜೊತಿಗಿ ನೀರು ಹೋಗೂ ಮಾತ್ರಿ ಇದ್ದರ ಇನ್ನೂ ಬ್ಯಾಡ. ಅಲ್ಸರ್, ಆಸ್ಪಿರಿನ್‌ಗೆ ಏಳೋ ಉಬ್ಬಸ, ಡೆಂಗಿ ಅನುಮಾನ, ಬಸರಿ ಇದ್ದವರಿಗೂ ಬ್ಯಾಡ. ಅವರಿಗೆ ಬರೀ ಪ್ಯಾರಾಸಿಟಮಾಲ್.

"ಬಾವು ಇಳಿಯೋ ಮಾತ್ರಿ" ಅಂತ ಕೇಳಿದವರಿಗೆ ಕೆಲವು ಕಡೆ ಸ್ಟಿರಾಯ್ಡ್ ಕಟ್ಟಿ ಕೊಡ್ತಾರ. ಊತ ಬಸಕ್ಕನ ಇಳೀತದ, ಒಳಗ ಸೋಂಕು ಹಬ್ಬತದ, ಸಕ್ಕರಿ ಏರ್ತದ. ಪೊಟ್ಟಣದಾಗ ಹೆಸರಿಲ್ಲದ ಬಿಡಿ ಮಾತ್ರಿ ಯಾರ ಕೊಟ್ಟರೂ ತಗೋಬ್ಯಾಡ್ರಿ.

ದವಡೆ_ಸರ್ಜನ್
ಮನೆಮದ್ದಾ ಕ್ಲಿನಿಕ್ಕಾ ಅನ್ನೋ ಚರ್ಚೆ ನಡೀಲಿ. ಆದರೆ ಕೆಲವು ಲಕ್ಷಣ ಕಂಡರೆ ಎರಡನ್ನೂ ಬಿಟ್ಟು ನೇರ ದೊಡ್ಡಾಸ್ಪತ್ರೆಗೆ ಹೊರಡಬೇಕು. ಯಾವ ಹಲ್ಲು ಅನ್ನೋದು ಇಲ್ಲಿ ಮುಖ್ಯವಾಗುತ್ತೆ.

ಕೆಳದವಡೆಯ ಒಳಮೈಯಲ್ಲಿ ಒಂದು ಏಣು ಇದೆ, ಅದಕ್ಕೆ ಬಾಯಿಯ ತಳದ ಸ್ನಾಯು ಅಂಟಿಕೊಂಡಿರುತ್ತೆ. ಎರಡನೇ ದವಡೆಹಲ್ಲು ಮತ್ತು ಬುದ್ಧಿಹಲ್ಲಿನ ಬೇರಿನ ತುದಿ ಸಾಮಾನ್ಯವಾಗಿ ಆ ಏಣಿಗಿಂತ ಕೆಳಗೆ. ಅಲ್ಲಿಂದ ಕೀವು ಒಳಬದಿಗೆ ಒಡೆದರೆ ಬಾಯೊಳಗೆ ಬರೋಲ್ಲ, ನೇರ ಕತ್ತಿನ ಮೇಲ್ಭಾಗಕ್ಕೆ ಇಳಿಯುತ್ತೆ. ಎರಡೂ ಕಡೆ ಹಬ್ಬಿ ಬಾಯಿಯ ತಳ ಮೇಲೆದ್ದು ನಾಲಿಗೆಯನ್ನ ಹಿಂದಕ್ಕೆ ತಳ್ಳಿದರೆ ಉಸಿರಿನ ದಾರಿಯೇ ಮುಚ್ಚುತ್ತೆ. 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ವಿವರಿಸಿದ್ದರಿಂದ ಇದಕ್ಕೆ ಲುಡ್ವಿಗ್ಸ್ ಆಂಜೈನಾ ಅಂತ ಹೆಸರು. ಎದೆನೋವಿನ ಆಂಜೈನಾಗೂ ಇದಕ್ಕೂ ಸಂಬಂಧವಿಲ್ಲ.

ಮನೆಯಲ್ಲೇ ನೋಡಿಕೊಳ್ಳಿ. ಬಾಯಿ ಎಷ್ಟು ತೆರೆಯುತ್ತೆ? ಆರೋಗ್ಯವಂತರ ಬಾಯೊಳಗೆ ಅವರದೇ ಮೂರು ಬೆರಳು ನಿಲ್ಲಿಸಿ ಇಡಬಹುದು. ಎರಡೂ ಹಿಡಿಸದಿದ್ದರೆ ಸೋಂಕು ಅಗಿಯುವ ಸ್ನಾಯುವಿನ ಹತ್ತಿರಕ್ಕೆ ಹೋಗಿದೆ. ಗದ್ದದ ಕೆಳಗೆ ಒತ್ತಿ ನೋಡಿ: ಮೆತ್ತಗಿರಬೇಕಾದದ್ದು ಹಲಗೆಯಷ್ಟು ಗಟ್ಟಿಯಾಗಿದೆಯಾ? ಎಂಜಲು ನುಂಗಲಾಗದೆ ಸುರಿಯುತ್ತಿದೆಯಾ? ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡು ಮಾತಾಡಿದ ಹಾಗೆ ದನಿ ಬದಲಾಗಿದೆಯಾ? ಚಳಿಜ್ವರ ಇದೆಯಾ? ಇದರಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. ಉಸಿರು ಕಷ್ಟ ಅಂದ್ರೆ 108. ಅಂಗಾತ ಮಲಗಿಸಬೇಡಿ, ಕೂರಿಸಿ ಸ್ವಲ್ಪ ಮುಂದಕ್ಕೆ ಬಾಗಿಸಿಯೇ ಕರೆದೊಯ್ಯಿರಿ. ತಿನ್ನೋಕೆ ಕುಡಿಯೋಕೆ ಏನೂ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು.

ಮೇಲಿನ ಕೋರೆಹಲ್ಲಿನ ಕೀವು ಮೂಗಿನ ಪಕ್ಕ ಸೇರಿ ಕೆಳರೆಪ್ಪೆವರೆಗೆ ಊತ ಬರುತ್ತೆ. ಅಲ್ಲಿನ ರಕ್ತನಾಳಗಳಿಗೂ ಮಿದುಳಿನ ಬುಡಕ್ಕೂ ಸಂಪರ್ಕ ಇದೆ. ಕಣ್ಣು ಮುಚ್ಚುವಷ್ಟು ಊತ, ಎರಡೆರಡು ಕಾಣೋದು, ಜೋರು ತಲೆನೋವು ಇದ್ದರೆ ತುರ್ತು. ಆ ಜಾಗವನ್ನ ಹಿಸುಕಲೇಬಾರದು.

ಸಕ್ಕರೆ ಕಾಯಿಲೆಯವರಲ್ಲಿ ಇದೆಲ್ಲ ಬೇಗ ನಡೆಯುತ್ತೆ. ಸೋಂಕಿನಿಂದ ಸಕ್ಕರೆ ಏರುತ್ತೆ, ಏರಿದ ಸಕ್ಕರೆಯಿಂದ ಸೋಂಕು ಬಲಿಯುತ್ತೆ. "ಮೊದಲು ಶುಗರ್ ಇಳಿಸಿಕೊಂಡು ಬನ್ನಿ" ಅಂತ ಕೀವನ್ನ ವಾರಗಟ್ಟಲೆ ಮುಂದೂಡೋದೂ ತಪ್ಪು. ಕೀವು ಹೋಗದೆ ಎಷ್ಟೋ ಸಲ ಶುಗರ್ರೂ ಇಳಿಯೋದಿಲ್ಲ, ಎರಡೂ ಒಟ್ಟಿಗೆ ನಡೀಬೇಕು. 2021ರಲ್ಲಿ ಕೋವಿಡ್ ಹಿಂದೆಯೇ ಬಂದ ಕಪ್ಪು ಶಿಲೀಂಧ್ರ ನೆನಪಿರಬೇಕು: ಮೇಲ್ದವಡೆಯ ನಾಲ್ಕಾರು ಹಲ್ಲು ಒಮ್ಮೆಗೇ ಅಲ್ಲಾಡೋದು, ಕೆನ್ನೆ ಮರಗಟ್ಟೋದು, ಮೂಗಿನಿಂದ ಕಪ್ಪು ಸ್ರಾವ. ಇದು ಹುಳುಕು ಹಲ್ಲಿನ ಕೀವಿನ ಲೆಕ್ಕಕ್ಕೆ ಬರೋದಲ್ಲ, ಅಂದೇ ತೋರಿಸಬೇಕು.

ಮಂಡ್ಯದ_ಗೌಡ್ತಿ
ಕೀವಿದ್ದಾಗ ಹಲ್ಲು ಕೀಳಬಾರ್ದು, ಮೊದ್ಲು ಮಾತ್ರೆ ತಗಂಡು ಒಣಗಿಸ್ಬೇಕು ಅಂತಾರಲ್ಲ ಸಾ, ನಿಜವೇ? ಇಂಜೆಕ್ಷನ್ನೂ ಹಿಡಿಯಾಕಿಲ್ಲ ಅಂತಾರೆ.

ಹಲ್ಲುಡಾಕ್ಟ್ರು_ದಾವಣಗೆರೆ
ಅಕ್ಕಾ, ಅರ್ಧ ನಿಜ. ಕೀವಿದ್ದ ಜಾಗ ಹುಳಿಯಾಗಿರುತ್ತೆ, ಅಲ್ಲಿ ಮರಗಟ್ಟಿಸುವ ಮದ್ದು ನರದೊಳಗೆ ಸರಿಯಾಗಿ ಇಳಿಯೋಲ್ಲ. ಅದಕ್ಕೇ ಊತದೊಳಗೆ ಚುಚ್ಚದೆ ದೂರದಲ್ಲಿ, ಕೆಳದವಡೆಗಾದರೆ ಬಾಯಿಯ ಹಿಂಬದಿಯಲ್ಲಿ ನರ ದವಡೆಯೊಳಗೆ ಹೋಗುವ ಜಾಗಕ್ಕೇ ಕೊಡ್ತೀವಿ. ತುಟಿ ಪೂರ್ತಿ ಜೋಮು ಹಿಡಿದ ಮೇಲೆ ಶುರು. ಹಿಡಿಯದಿದ್ದರೆ ಬಾಯಿಬಿಟ್ಟು ಹೇಳಿ, ಹಲ್ಲು ಕಚ್ಚಿಕೊಂಡು ಸಹಿಸೋ ಅಗತ್ಯ ಇಲ್ಲ.

ಕೀಳಬಾರದು ಅನ್ನೋದು ಹಳೇ ಮಾತು. ಕೀಳೋದೇ ಕೀವಿಗೆ ದಾರಿ ಮಾಡಿಕೊಡೋದು. ಕಾಯಿಸೋದರಿಂದ ಲಾಭವಿಲ್ಲ.

ಹಲ್ಲು ಉಳಿಸಬಹುದಾ ಅನ್ನೋದು ಮೂರು ಸಂಗತಿ ಮೇಲೆ ನಿಂತಿದೆ: ವಸಡಿನ ಮೇಲೆ ಸುತ್ತಲೂ ಕನಿಷ್ಠ ಒಂದೂವರೆ ಎರಡು ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿದೆಯಾ, ಬೇರು ಸೀಳಿದೆಯಾ, ಸುತ್ತ ಮೂಳೆ ಇದೆಯಾ. ಉಳಿಸೋದಾದರೆ ರೂಟ್ ಕೆನಾಲ್. ಹಲ್ಲಿಗೆ ರಬ್ಬರ್ ಹಾಳೆ ಕಟ್ಟಿ ಎಂಜಲು ಬರದ ಹಾಗೆ ಮಾಡಿ, ಮೇಲಿಂದ ತೂತು ಕೊರೆದಾಗಲೇ ಎಷ್ಟೋ ಸಲ ಕೀವು ಬುಳಬುಳ ಅಂತ ಬರುತ್ತೆ, ರೋಗಿಯ ಮುಖ ಅಲ್ಲೇ ಸಡಿಲವಾಗುತ್ತೆ. ಆಮೇಲೆ ಎಲೆಕ್ಟ್ರಾನಿಕ್ ಯಂತ್ರದಿಂದ ಬೇರಿನ ಉದ್ದ ಅಳೆದು, ಫೈಲ್‌ಗಳಿಂದ ಕೆರೆದು, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ತೊಳೆಯೋದು. ಸತ್ತ ಮಾಂಸವನ್ನ ಕರಗಿಸೋದು ಇದೇ. ಫೈಲ್ ಬರೀ ದಾರಿ ಮಾಡುತ್ತೆ. ಸೂಜಿಯನ್ನ ಬಿಗಿಯಾಗಿ ಸಿಕ್ಕಿಸಿ ಜೋರಾಗಿ ಒತ್ತಿದರೆ ದ್ರಾವಣ ಬೇರಿನಾಚೆ ಹೋಗಿ ಮುಖ ಊದಿಕೊಳ್ಳುತ್ತೆ, ಅದಕ್ಕೇ ನಿಧಾನ. ಕೀವು ನಿಲ್ಲದಿದ್ದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನೋ ಮದ್ದು ತುಂಬಿ ಒಂದೆರಡು ವಾರ ಮುಚ್ಚಿಡ್ತೀವಿ. ಒಣಗಿದ ಮೇಲೆ ಗಟ್ಟಾಪರ್ಚಾ, ಆಮೇಲೆ ಕ್ಯಾಪ್.

ಬಾಯಿಯ ಒಳಬದಿಯಲ್ಲಿ ಮೆತ್ತಗೆ ತುಳುಕುವ ಬಾವಿದ್ದರೆ ಹಲ್ಲಿನ ಕೆಲಸದ ಜೊತೆಗೇ ವಸಡನ್ನೂ ಒಂದು ಸೆಂಟಿಮೀಟರಿನಷ್ಟು ಕೊಯ್ದು ಕೀವು ತೆಗೀತೀವಿ.

ಎಲ್ಲಾ ಕೀವಿಗೂ ರೂಟ್ ಕೆನಾಲೇ ಅಂತಲ್ಲ. ವಸಡಿಗೂ ಹಲ್ಲಿಗೂ ನಡುವಿನ ಚೀಲದಲ್ಲಿ ಗಾರೆ ಕಟ್ಟಿಯೋ ಮೀನಿನ ಮುಳ್ಳು, ಪಾಪ್‌ಕಾರ್ನ್ ಸಿಪ್ಪೆ ಸಿಕ್ಕಿಕೊಂಡೋ ಕೀವಾದರೆ ಹಲ್ಲು ಜೀವಂತ ಇರುತ್ತೆ. ಚೀಲ ಶುಚಿ ಮಾಡಿ ತೊಳೆದರೆ ಸಾಕು. ಅರ್ಧ ಹುಟ್ಟಿದ ಬುದ್ಧಿಹಲ್ಲಿನ ಮೇಲಿನ ಮಾಂಸದ ಪದರದಡಿ ಕೀವಾದರೆ ಅದರ ದಾರಿಯೇ ಬೇರೆ. ಹಲ್ಲಿಗೆ ತಣ್ಣನೆಯದು ತಾಗಿಸಿ ನೋಡೋ ಪರೀಕ್ಷೆ, ಎಕ್ಸ್‌ರೇ ಎರಡನ್ನೂ ನೋಡಿದ ಮೇಲೇ ಇದು ಯಾವುದು ಅಂತ ಗೊತ್ತಾಗೋದು.

ಹಾಸನ_ಅಮ್ಮ
ಐದು ವರ್ಷದ ಮಗುವಿನ ಹಾಲುಹಲ್ಲಿಗೆ ಇದೇ ಥರ ಗುಳ್ಳೆ. ಹೇಗೂ ಬಿದ್ದುಹೋಗುವ ಹಲ್ಲಲ್ವಾ?

ಹಲ್ಲುಡಾಕ್ಟ್ರು_ದಾವಣಗೆರೆ
ದವಡೆಯ ಹಾಲುಹಲ್ಲು ಬೀಳೋದು 9–12ನೇ ವಯಸ್ಸಿಗೆ ಮೇಡಂ. ಅದರ ಬೇರುಗಳ ನಡುವೆಯೇ ಶಾಶ್ವತ ಹಲ್ಲಿನ ಮೊಗ್ಗು ಬೆಳೀತಿರುತ್ತೆ. ಕೀವು ಅದಕ್ಕೆ ತಗುಲಿದರೆ ಮುಂದೆ ಬರೋ ಹಲ್ಲು ಕಂದು ಕಲೆ, ಕುಳಿಗಳ ಜೊತೆ ಹುಟ್ಟುತ್ತೆ. ಬೇರು ಗಟ್ಟಿಯಿದ್ದರೆ ಮಕ್ಕಳ ರೂಟ್ ಕೆನಾಲ್, ಇಲ್ಲದಿದ್ದರೆ ಕಿತ್ತು ಜಾಗ ಕಾಯುವ ತಂತಿ. ನೋವಿಗೆ ಪ್ಯಾರಾಸಿಟಮಾಲ್, ಕೆಜಿಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. 16 ಕೆಜಿ ಇದ್ದರೆ 240. ಸಿರಪ್ಪಿನ 5 ಮಿಲಿಯಲ್ಲಿ 120 ಇದೆಯಾ 250 ಇದೆಯಾ ಅಂತ ಲೇಬಲ್ ಓದಿ ಅಳೀರಿ, ಹೆಚ್ಚಿನವರು ತಪ್ಪೋದು ಅಲ್ಲೇ. ಆಸ್ಪಿರಿನ್ ಬೇಡ. ನಿಮೆಸುಲೈಡ್ 12 ವರ್ಷದೊಳಗಿನ ಮಕ್ಕಳಿಗೆ ಕೊಡೋದನ್ನ 2011ರಲ್ಲೇ ನಿಷೇಧಿಸಿದ್ದಾರೆ.

ಬಸುರಿಯರ ಬಗ್ಗೆ ಇನ್ನೊಬ್ಬರು ಮೆಸೇಜಲ್ಲಿ ಕೇಳಿದ್ದರು. ಕೀವಿದ್ದರೆ ಯಾವ ತಿಂಗಳಲ್ಲೂ ಚಿಕಿತ್ಸೆ ಮಾಡಬಹುದು, ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್, ಸೀಸದ ಏಪ್ರನ್ ಹೊದಿಸಿ ಒಂದು ಎಕ್ಸ್‌ರೇ ಎರಡೂ ನಡೆಯುತ್ತೆ. ಹೆರಿಗೆವರೆಗೆ ತಡೆದುಕೊಳ್ಳಿ ಅನ್ನೋದೇ ಹೆಚ್ಚು ಅಪಾಯ.

ಶಿರಸಿ_ಸೀಮೆ
ಎಲ್ಲರಿಗೂ ಧನ್ಯವಾದ. ನಾಳೆ ಕರೆದೊಯ್ಯೋದು ಅಂತ ತೀರ್ಮಾನ. ಏನೇನು ಒಯ್ಯಬೇಕು? ಖರ್ಚು ಕಡಿಮೆಯಲ್ಲಿ ಎಲ್ಲಿ?

ಹುಬ್ಬಳ್ಳಿ_ಮೆಡಿಕಲ್
ಎಲ್ಲಾ ಮಾತ್ರಿ ಪಟ್ಟಿ ಒಂದ ಚೀಲದಾಗ ಹಾಕ್ಕೊಂಡು ಹೋಗ್ರಿ, ಹೆಸರು ಬರಕೊಂಡು ಹೋಗೂದಕ್ಕಿಂತ ಅದ ಚೊಲೋ. ಇತ್ತೀಚಿನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರಿ), ಕ್ರಿಯಾಟಿನಿನ್ (ಕಿಡ್ನಿ) ರಿಪೋರ್ಟ್ ಇದ್ದರ ಒಯ್ಯರಿ. ನಾಷ್ಟಾ ಮಾಡಿ, ಸಕ್ಕರಿ ಮಾತ್ರಿ ತಗೊಂಡು, ಮುಂಜಾನೆ ಹೊತ್ತಿನ ಅಪಾಯಿಂಟ್‌ಮೆಂಟ್ ತಗೋರಿ. ಉಪವಾಸ ಕರಕೊಂಡು ಹೋಗಿ ಕುರ್ಚಿ ಮ್ಯಾಲ ಸಕ್ಕರಿ ಇಳದು ಬೆವತು ಬಿದ್ದರ ಅದು ಬ್ಯಾರೆ ಫಜೀತಿ. ಹಾರ್ಟಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನಡದಿದ್ದರ ನೀವ ನಿಲ್ಲಿಸಬ್ಯಾಡ್ರಿ.

ಬಿಎಎಂಎಸ್_ವೈದ್ಯೆ
ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ವಿಭಾಗ ಇದ್ದರೆ ಮೊದಲು ಅಲ್ಲೇ ವಿಚಾರಿಸಿ. ಕೀಳೋದು, ಕೀವು ತೆಗೆಯೋದು ಅಲ್ಲೇ ಆಗುತ್ತೆ. ರೂಟ್ ಕೆನಾಲ್‌ಗೆ ಡೆಂಟಲ್ ಕಾಲೇಜುಗಳ ಹೊರರೋಗಿ ವಿಭಾಗ ಅಗ್ಗ, ವಿದ್ಯಾರ್ಥಿಗಳು ಮಾಡಿದರೂ ಪ್ರಾಧ್ಯಾಪಕರು ಹಂತಹಂತಕ್ಕೂ ನೋಡ್ತಾರೆ. ಆದರೆ ಮೂರು ನಾಲ್ಕು ಸಲ ಓಡಾಡಬೇಕು, ಶಿರಸಿಯಿಂದ ಬಸ್ಸಿನ ಖರ್ಚೂ ಲೆಕ್ಕ ಹಾಕಿ. ಬೆಂಗಳೂರಿನವರಿಗೆ ವಿಕ್ಟೋರಿಯಾ ಆಸ್ಪತ್ರೆ ಬದಿಯ ಸರ್ಕಾರಿ ದಂತ ಕಾಲೇಜು ಇದೆ. ದಂತಭಾಗ್ಯ ಯೋಜನೆ ಕಟ್ಟುಹಲ್ಲಿಗೆ, ಇದಕ್ಕಲ್ಲ.

ಖಾಸಗಿಯಲ್ಲಿ ಎಕ್ಸ್‌ರೇ, ರೂಟ್ ಕೆನಾಲ್, ಮೇಲಿನ ಫಿಲ್ಲಿಂಗ್, ಕ್ಯಾಪ್ ಇವಕ್ಕೆ ಬಿಡಿಬಿಡಿಯಾಗಿ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಮಾತಲ್ಲಿ ಹೇಳೋ ಮೊತ್ತದಲ್ಲಿ ಎಷ್ಟೋ ಸಲ ಕ್ಯಾಪ್ ಸೇರಿರೋದಿಲ್ಲ.

ಹಿತ್ತಲಮದ್ದು
ಕೊನೇದಾಗಿ ನಂದೊಂದು. ಚಿಕಿತ್ಸೆ ಆದಮೇಲೆ ನನ್ನ ಉಪ್ಪುನೀರು, ಸೀಬೆ ಎಲೆಗೆ ಪರವಾನಗಿ ಇದೆಯೋ ಇಲ್ಲವೋ? ಗುಳ್ಳೆ ಎಷ್ಟು ದಿನಕ್ಕೆ ಹೋಗಬೇಕು?

ಹಲ್ಲುಡಾಕ್ಟ್ರು_ದಾವಣಗೆರೆ
ಧಾರಾಳವಾಗಿ! ಕಿತ್ತಿದ್ದರೆ ಮಾತ್ರ ಮೊದಲ 24 ಗಂಟೆ ಮುಕ್ಕಳಿಸಬೇಡಿ, ಹೆಪ್ಪು ಕಿತ್ತು ಬಂದರೆ ಮೂಳೆ ಬರಿದಾಗಿ ಮೂರನೇ ದಿನ ಮೊದಲಿಗಿಂತ ಹೆಚ್ಚು ನೋವು. ಸ್ಟ್ರಾ, ಬೀಡಿ, ಜರ್ದಾ ಯಾವುದೂ ಬೇಡ. ಮಾರನೇ ದಿನದಿಂದ ಉಪ್ಪುನೀರು.

ರೂಟ್ ಕೆನಾಲ್ ಆದರೆ, ಕಾಲುವೆ ಶುಚಿಯಾದ ಒಂದೆರಡು ವಾರದಲ್ಲಿ ಗುಳ್ಳೆ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತೆ, ಅದಕ್ಕೆ ಬೇರೆ ಮದ್ದು ಬೇಡ. ದವಡೆಹಲ್ಲಿಗೆ ಕ್ಯಾಪ್ ಹಾಕಿಸೋವರೆಗೆ ಆ ಕಡೆ ಚಕ್ಕುಲಿ, ಕಬ್ಬು, ಹುರಿಗಡಲೆ ಕಡಿಯಬೇಡಿ. ಎಷ್ಟೋ ಹಲ್ಲು ಹೋಗೋದು ಕೀವಿನಿಂದಲ್ಲ, ಕ್ಯಾಪಿಲ್ಲದೆ ಸೀಳಿ. ಆರು ತಿಂಗಳಿಗೊಂದು, ವರ್ಷಕ್ಕೊಂದು ಎಕ್ಸ್‌ರೇ. ಬೇರಿನ ತುದಿಯ ಕಪ್ಪು ಮಚ್ಚೆ ಕಿರಿದಾಗ್ತಾ ಇರಬೇಕು. ಗುಳ್ಳೆ ತಿರುಗಿ ಬಂದರೆ ತೊಳೆಯದೆ ಬಿಟ್ಟ ಕಾಲುವೆ ಇರಬಹುದು, ಮೇಲಿನ ಮೊದಲ ದವಡೆಹಲ್ಲಲ್ಲಿ ನಾಲ್ಕನೆಯದು ಕಣ್ಣು ತಪ್ಪಿಸೋದು ಮಾಮೂಲು. ಅಥವಾ ಬೇರು ಸೀಳಿರಬಹುದು. ಕಾಲುವೆ ಬಿಟ್ಟಿದ್ದರೆ ಮತ್ತೆ ತೆರೆದು ಮಾಡಬಹುದು. ಬೇರು ಉದ್ದಕ್ಕೆ ಸೀಳಿದ್ದರೆ ಕೀಳೋದೇ.